ಗೋವಿನಜೋಳಕ್ಕೆ 13, ಶೇಂಗಾಕ್ಕೆ 7: ಬೂಷ್ಟು ಬರೋ ತೇವದ ಲೆಕ್ಕ ಏನು?

ಜಗಳೂರು_ರಾಶಿ

ಎಲ್ರಿಗೂ ನಮಸ್ಕಾರ. ಗೋವಿನಜೋಳ ತೇವದ ಮೀಟರಿನಲ್ಲಿ ಶೇಕಡಾ 14.5 ತೋರಿಸಿದ್ರೆ ಅಂಗಡಿಯವರು ಒಂಚೂರು ಗೊಣಗಿ ತಗೊಳ್ತಾರೆ. ಶೇಂಗಾ ಬೀಜ 9.5 ತೋರಿಸಿದ್ರೆ ಮಾತ್ರ "ಹಸಿ ಮಾಲು, ಬೂಷ್ಟು ಹಿಡೀತದೆ" ಅಂತ ಪಕ್ಕಕ್ಕೆ ಸರಿಸ್ತಾರೆ. ಕಮ್ಮಿ ತೇವ ಇರೋದಕ್ಕೇ ಬೇಗ ಬೂಷ್ಟು ಅಂದ್ರೆ ಇದೆಂಥ ನ್ಯಾಯ?

ಎರಡನೇದು. ತಾಡಪಾಲು ಹೊದಿಸಿದ ರಾಶಿಯಲ್ಲಿ ನೆಲಕ್ಕೆ ತಾಗಿದ ಕಾಳಿಗಿಂತ ನೆತ್ತಿಯ ಕಾಳೇ ಮೊದಲು ಮುಗ್ಗಲು ವಾಸನೆ ಹೊಡೀತದೆ. ಮಳೆ ಬಿದ್ದಿಲ್ಲ, ತಾಡಪಾಲು ಹರಿದಿಲ್ಲ. ಯಾಕೆ?

ಅಗರ್_ಪ್ಲೇಟು, ದಾವಣಗೆರೆ

ಅಂಗಡಿಯವರು ಹೇಳಿದ್ದು ಸರಿಯಾಗಿಯೇ ಇದೆ ಅಣ್ಣಾ. ಮೀಟರು ತೋರಿಸುವುದು ಕಾಳಿನೊಳಗೆ ಒಟ್ಟು ಎಷ್ಟು ನೀರಿದೆ ಅಂತ. ಬೂಷ್ಟಿಗೆ ಆ ಲೆಕ್ಕ ಬೇಡ. ಪಿಷ್ಟ, ಪ್ರೋಟೀನು ಹಿಡಿದಿಟ್ಟುಕೊಂಡದ್ದು ಹೋಗಿ ತನ್ನ ಕೈಗೆ ಸಿಗುವಂಥ ನೀರು ಎಷ್ಟಿದೆ ಅನ್ನುವುದಷ್ಟೇ ಅದಕ್ಕೆ ಮುಖ್ಯ. ಇದನ್ನು ವಾಟರ್ ಆಕ್ಟಿವಿಟಿ, ಅಂದರೆ ನೀರಿನ ಚಟುವಟಿಕೆ ಅಂತೀವಿ. ಗಾಳಿಯಾಡದ ಡಬ್ಬಿಗೆ ಕಾಳು ತುಂಬಿ, ಒಂದು ದಿನ ಬಿಟ್ಟು, ಡಬ್ಬಿಯೊಳಗಿನ ಗಾಳಿಯ ಆರ್ದ್ರತೆ ನೋಡಿದರೆ ಅದೇ ಉತ್ತರ. ಶೇಕಡಾ 70 ಬಂದರೆ ಆ ಕಾಳಿನ ನೀರಿನ ಚಟುವಟಿಕೆ 0.70. ಶುದ್ಧ ನೀರಿನದು 1.

ಯಾರಿಗೆ ಎಷ್ಟು ಬೇಕು? ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ 0.91ರ ಮೇಲೆ. ಸ್ಟಫೈಲೊಕಾಕಸ್ ಔರಿಯಸ್ ಮಾತ್ರ 0.86ರವರೆಗೆ ಜಗ್ಗುತ್ತದೆ. ಯೀಸ್ಟುಗಳಲ್ಲಿ ಬಹುಪಾಲಿಗೆ 0.88, ಸಾಮಾನ್ಯ ಬೂಷ್ಟುಗಳಿಗೆ 0.80. ಒಣ ಜಾಗಕ್ಕೆ ಒಗ್ಗಿಹೋದ ಕೆಲವು ಬೂಷ್ಟುಗಳು 0.65ರಲ್ಲೂ ನಿಧಾನವಾಗಿ ಹರಡುತ್ತವೆ. 0.60ರ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. ಸಾಯುತ್ತದೆ ಅಂದುಕೊಳ್ಳಬೇಡಿ, ಬೆಳೆಯುವುದಿಲ್ಲ ಅಷ್ಟೇ. ಬೀಜಕಣ ಅಲ್ಲೇ ಕಾದು ಕೂತಿರುತ್ತದೆ.

ಈಗ ಶೇಂಗಾಕ್ಕೆ ಬನ್ನಿ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಎಣ್ಣೆ ನೀರು ಹಿಡಿಯುವುದಿಲ್ಲ. ಹಾಗಾಗಿ ಇರುವ ನೀರೆಲ್ಲ ಉಳಿದರ್ಧದಲ್ಲೇ ಇರಬೇಕು. ಮೀಟರಿನಲ್ಲಿ 9.5 ಅಂದರೆ ಎಣ್ಣೆ ಬಿಟ್ಟ ಭಾಗದಲ್ಲಿ ಸುಮಾರು 18 ಇದ್ದಂತೆ. ಗೋವಿನಜೋಳದಲ್ಲಿ ಎಣ್ಣೆ ಶೇಕಡಾ 4ರ ಆಸುಪಾಸು, ಮಿಕ್ಕದ್ದು ಬಹುಪಾಲು ಪಿಷ್ಟ. ನಮ್ಮ ಹವೆಯಲ್ಲಿ 13.5–14 ತೇವದ ಗೋವಿನಜೋಳವೂ 7 ತೇವದ ಶೇಂಗಾ ಬೀಜವೂ ಸುಮಾರು 0.70ರಲ್ಲಿ ನಿಲ್ಲುತ್ತವೆ. ನಿಮ್ಮ 14.5ರ ಜೋಳ ಅಂದಾಜು 0.75, ನಿಮ್ಮ 9.5ರ ಶೇಂಗಾ 0.80 ದಾಟಿದೆ. ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಬೂಷ್ಟು ಬೆಳೆಯಲು ಶುರುಮಾಡುವುದೇ 0.80ರ ಹತ್ತಿರ. ಅದು ಅಫ್ಲಾಟಾಕ್ಸಿನ್ ವಿಷ ಮಾಡಲು ಅದಕ್ಕಿಂತ ಒಂದಿಷ್ಟು ಮೇಲೆ ಬೇಕು.

ಹಾಗಂತ 14.5ರ ಜೋಳ ನಿಶ್ಚಿಂತೆ ಅಂತಲ್ಲ. ಒಂದೆರಡು ವಾರದಲ್ಲಿ ಮಾರುವವರಿಗೆ ಸರಿ. ಮಳೆಗಾಲ ದಾಟಿಸಿ ಇಡುವವರು 12–13ಕ್ಕೆ ಇಳಿಸಲೇಬೇಕು. ತೇವ ಅಷ್ಟೇ ಇದ್ದು ಕಾಳು ಬಿಸಿಯಾದರೂ ನೀರಿನ ಚಟುವಟಿಕೆ ಏರುತ್ತದೆ.

ಚಳ್ಳಕೆರೆ_ಗಾಣ

ಮೇಷ್ಟ್ರು ಬೀಜದ ಲೆಕ್ಕ ಹೇಳಿದ್ರು, ನಾನು ಕಾಯಿದು ಹೇಳ್ತೀನಿ. ಸಿಪ್ಪೆ ಸಮೇತ ಕಾಯಿ 8ಕ್ಕೆ ಬಂದ್ರೆ ಇಡಬಹುದು. ಮೀಟರು ಇಲ್ಲ ಅಂದ್ರೆ ಕಾಯಿ ಕಿವಿ ಹತ್ರ ಅಲ್ಲಾಡಿಸ್ರಿ, ಗಲಗಲ ಅನ್ಬೇಕು. ಬೀಜ ಹೆಬ್ಬೆಟ್ಟಲ್ಲಿ ತಿಕ್ಕಿದ್ರೆ ಕೆಂಪು ಸಿಪ್ಪೆ ಸುಲಿದು ಬರ್ಬೇಕು, ಹಲ್ಲಲ್ಲಿ ಕಡಿದ್ರೆ ಪಟಕ್ ಅಂತ ಒಡೀಬೇಕು. ಮೆತ್ತಗೆ ಬಾಗಿದ್ರೆ ಇನ್ನೂ ಹಸಿ.

ಕಿತ್ತ ದಿನವೇ ಗಿಡ ತಲೆಕೆಳಗು ಮಾಡಿ ಸಾಲಿಗೆ ಹಾಕ್ರಿ, ಕಾಯಿ ಮೇಲೆ ಬಿಸಿಲಿಗೆ, ಸೊಪ್ಪು ನೆಲಕ್ಕೆ. ಬಹಳ ಜನ ಹಸೀದೇ ಬಣವೆ ಒಟ್ಟಿಬಿಡ್ತಾರೆ. ಒಳಗೆ ಕಾವು ಕಟ್ಟಿ, ಅಲ್ಲೇ ಬೂಷ್ಟು ಶುರು. ಎರಡು ಮೂರು ದಿನ ಬಿಸಿಲು ಕಂಡ ಮೇಲೆ ಕಾಯಿ ಬಿಡಿಸಿ, ಕಣದಲ್ಲಿ ತೆಳ್ಳಗೆ ಹರವಿ ಒಣಗಿಸ್ಬೇಕು. ಟಿಎಂವಿ-2 ತರದ ಗೊಂಚಲು ಜಾತಿಗೆ ಬೀಜ ಮಲಗೋ ಗುಣ ಇಲ್ಲ. ಕೊಯ್ಲು ತಡ ಆಗಿ ಮಳೆ ಬಿದ್ರೆ ಹೊಲದಲ್ಲೇ ಮೊಳಕೆ ಒಡೀತದೆ, ಮೊಳಕೆ ಸೀಳಿದ ಜಾಗ ಬೂಷ್ಟಿಗೆ ಬಾಗಿಲು.

ಒಂದು ಕೆಟ್ಟ ರೂಢಿ ಹೇಳ್ಲೇಬೇಕು. ಮಿಷನ್‌ನಲ್ಲಿ ಸಿಪ್ಪೆ ಒಡೆಯೋ ಮೊದ್ಲು ಬೀಜ ಹೋಳಾಗಬಾರ್ದು ಅಂತ ಕಾಯಿಗೆ ನೀರು ಚಿಮುಕಿಸ್ತಾರೆ. ತೂಕಾನೂ ಕೂಡ್ತದೆ. ಆಮೇಲೆ ಆ ಬೀಜ ಒಣಗಿಸೋರು ಯಾರೂ ಇಲ್ಲ, ನೇರ ಚೀಲಕ್ಕೆ. ಬಿಸಿಲಲ್ಲಿ ವಾರಗಟ್ಲೆ ಮಾಡಿದ ಕೆಲಸ ಒಂದು ಬಕೆಟ್ ನೀರಲ್ಲಿ ಹೋಯ್ತು.

ಆರಿಸೋದು ಬಿಡಬ್ಯಾಡ್ರಿ. ಸುಕ್ಕಿದ್ದು, ಒಡೆದದ್ದು, ಬಣ್ಣ ತಿರುಗಿದ್ದು, ಹುಳ ಕೊರೆದದ್ದು, ವಿಷದ ಬಹುಪಾಲು ಇವುಗಳಲ್ಲೇ ಇರ್ತದೆ. ಇವನ್ನ ತೆಗೆದ್ರೆ ಒಟ್ಟು ಮಾಲು ಎಷ್ಟೋ ಸುಧಾರಿಸ್ತದೆ. ತೆಗೆದದ್ದನ್ನ ಗಾಣಕ್ಕೆ ಹಾಕ್ತೀವಿ ಅನ್ನೋರು ನೆನಪಿಡ್ರಿ, ವಿಷದ ಹೆಚ್ಚಿನ ಪಾಲು ಹಿಂಡಿಗೆ ಹೋಗ್ತದೆ, ಹಿಂಡಿ ಎಮ್ಮೆ ಬಾಯಿಗೆ.

ಅಗರ್_ಪ್ಲೇಟು, ದಾವಣಗೆರೆ

ಗಾಣದಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಶೇಂಗಾಕ್ಕೆ ಬೂಷ್ಟು ಗೋದಾಮಿಗಿಂತ ಮೊದಲೇ, ಹೊಲದಲ್ಲೇ ಹತ್ತುತ್ತದೆ. ಕೊಯ್ಲಿಗೆ ಮುಂಚಿನ ಮೂರರಿಂದ ಆರು ವಾರ ಮಳೆ ಕೈಕೊಟ್ಟು, ಕಾಯಿ ಇರುವ ಮಟ್ಟದ ಮಣ್ಣು 28–31 ಡಿಗ್ರಿಯಲ್ಲಿ ನಿಂತರೆ ಆಸ್ಪರ್ಜಿಲಸ್‌ಗೆ ಸುಗ್ಗಿ. ಹಸಿ ಬೀಜಕ್ಕೆ ಬೂಷ್ಟನ್ನು ತಡೆಯುವ ತನ್ನದೇ ರಾಸಾಯನಿಕ ಮಾಡುವ ಶಕ್ತಿ ಇರುತ್ತದೆ. ಬರಕ್ಕೆ ಬೀಜದ ನೀರಿನ ಚಟುವಟಿಕೆ ಇಳಿದಾಗ, ಸುಮಾರು 0.95ರ ಕೆಳಗೆ, ಆ ಶಕ್ತಿ ಹೋಗುತ್ತದೆ. ಬೂಷ್ಟಿಗೆ ಮಾತ್ರ ಅಷ್ಟು ನೀರು ಧಾರಾಳ. ಬೀಜಕ್ಕೆ ಸಾಲದ, ಶತ್ರುವಿಗೆ ಸಾಕಾಗುವ ಆ ನಡುವಿನ ಪಟ್ಟಿಯೇ ಅಪಾಯದ್ದು. ಕೃಷಿಹೊಂಡದಿಂದ ಆ ಹೊತ್ತಿಗೆ ಒಂದು ಸಲ ನೀರು ಕೊಟ್ಟರೂ ಲಾಭ. ಹೂಬಿಟ್ಟು ಊಡು (ಕಾಯಿ ಕಟ್ಟಲು ಮಣ್ಣಿಗಿಳಿಯುವ ಸೂಜಿ) ಇಳಿಯುವಾಗ ಎಕರೆಗೆ 200 ಕೆಜಿ ಜಿಪ್ಸಂ ಕೊಟ್ಟರೆ ಸುಣ್ಣದಂಶ ಸಿಕ್ಕು ಸಿಪ್ಪೆ ಗಟ್ಟಿಯಾಗುತ್ತದೆ.

ಕಣದ_ಮೇಟಿ, ದಾವಣಗೆರೆ

ರಾಶಿಯವರ ಎರಡನೇ ಪ್ರಶ್ನೆಗೆ ಯಾರೂ ಕೈ ಹಚ್ಚಿಲ್ಲ. ಅದು ಬೆವರು. ಹಗಲು ಬಿಸಿಲಿಗೆ ಕಾದ ಕಾಳು ಸಂಜೆ ಬೆಚ್ಚಗೇ ಇರುತ್ತದೆ, ನವೆಂಬರ್ ರಾತ್ರಿ ಹೊರಗಿನ ಗಾಳಿ ತಣ್ಣಗಾಗುತ್ತದೆ. ರಾಶಿಯೊಳಗಿನ ಬೆಚ್ಚನೆ ಗಾಳಿ ಕಾಳಿನ ತೇವ ಹೊತ್ತುಕೊಂಡು ಮೇಲೆ ಏರುತ್ತದೆ, ತಣ್ಣನೆ ತಾಡಪಾಲಿಗೆ ತಾಗಿ ಹನಿಯಾಗಿ ನೆತ್ತಿಯ ಕಾಳಿನ ಮೇಲೆ ಬೀಳುತ್ತದೆ. ಸರಾಸರಿ 14 ಇದ್ದ ರಾಶಿಯಲ್ಲೂ ನೆತ್ತಿಯ ಒಂದು ಗೇಣು 18ಕ್ಕೆ ಹೋಗಬಹುದು. ಮೀಟರಿಗೆ ನಡುವಿನ ಕಾಳು ಹಿಡಿದರೆ ಇದು ಗೊತ್ತೇ ಆಗುವುದಿಲ್ಲ.

ಹೊತ್ತು ಇಳಿಯುವ ಮೊದಲು ರಾಶಿ ಕೂಡಿಸಿ, ಕಾವು ಆರುವ ತನಕ ಬರೇ ಗೋಣಿಚೀಲ ಹೊದಿಸಿಡಿ. ಇಬ್ಬನಿ ಇಳಿಯುವ ಹೊತ್ತಿಗೆ ಮೇಲೆ ತಾಡಪಾಲು ಹಾಕಿ, ಎರಡರ ನಡುವೆ ಬಿದಿರಿನ ಗಳ ಇಟ್ಟು ಒಂದಿಷ್ಟು ಜಾಗ ಬಿಡಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ತೆಗೆಯಿರಿ. ಕಣದಲ್ಲಿ 5 ಸೆಂಟಿಮೀಟರಿಗಿಂತ ದಪ್ಪ ಹರವಬೇಡಿ, ಗಂಟೆಗೊಮ್ಮೆ ಕಾಲಾಡಿಸಿ. ದಪ್ಪ ಹರವಿದರೆ ಮೇಲಿನದು ಬಿರಿಯುತ್ತದೆ, ಕೆಳಗಿನದು ಹಸಿಯಾಗಿ ಉಳಿಯುತ್ತದೆ. ಬಿರಿದ ಕಾಳು ಬೂಷ್ಟಿಗೆ ಇಡೀ ಕಾಳಿಗಿಂತ ಸಲೀಸು.

ಗೋದಾಮಿನಲ್ಲಿ ಚೀಲದ ಕೆಳಗೆ ಮರದ ಹಲಗೆ ಇರಲಿ, ಗೋಡೆಯಿಂದ ಒಂದೂವರೆ ಅಡಿ ಬಿಡಿ. ಒಂದು ಕಡೆ ಬೂಷ್ಟು ಹತ್ತಿದರೆ ತಾನೇ ತಾನಾಗಿ ಬೆಳೆಯುತ್ತದೆ. ಒಂದು ಕೆಜಿ ಪಿಷ್ಟ ಬೂಷ್ಟಿನ ಉಸಿರಾಟದಲ್ಲಿ ಉರಿದರೆ ಅರ್ಧ ಕೆಜಿ ಮೇಲೆ ನೀರು ಹುಟ್ಟುತ್ತದೆ, ಜೊತೆಗೆ ಕಾವು. ಆ ನೀರಿನಿಂದ ಪಕ್ಕದ ಕಾಳು ತೊಯ್ಯುತ್ತದೆ. ವಾರಕ್ಕೊಮ್ಮೆ ಕಬ್ಬಿಣದ ಸಲಾಕೆ ರಾಶಿಯೊಳಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ಅಂಗೈಯಲ್ಲಿ ಹಿಡಿಯಿರಿ. ತುದಿಗೆ ಕಾವು ಹತ್ತಿದರೆ ಅವತ್ತೇ ರಾಶಿ ಬಿಚ್ಚಿ.

ಜಗಳೂರು_ರಾಶಿ

ಬೆವರಿಂದು ಈಗ ತಿಳೀತು. ಮನೇಲಿ ಮೀಟರು ಇಲ್ಲ, ಜೋಳಕ್ಕೂ ಶೇಂಗಾದಂಗೆ ಏನಾದ್ರೂ ಕೈಪರೀಕ್ಷೆ ಐತಾ? ಇನ್ನೊಂದು, ಒಣಗಿಸಿದ್ರೆ ತೂಕ ಹೋಗ್ತದೆ ಅಂತ ನಮ್ಮ ಕಡೆ ಎಲ್ರೂ 18ಕ್ಕೇ ಮಾರ್ತಾರೆ. ಎಷ್ಟು ಹೋಗ್ತದೆ?

ಕಣದ_ಮೇಟಿ, ದಾವಣಗೆರೆ

ಉಪ್ಪಿನ ಪರೀಕ್ಷೆ ಮಾಡಿ. ಒಣಗಿದ ಗಾಜಿನ ಬಾಟಲಿ, ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿದ ಪುಡಿ ಉಪ್ಪು ಎರಡು ಮೂರು ಚಮಚ, ಬಾಟಲಿಯ ಮೂರನೇ ಒಂದು ಪಾಲು ಕಾಳು. ಮುಚ್ಚಳ ಹಾಕಿ ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಗಾಜಿಗೆ ಉಪ್ಪು ಅಂಟಿದರೆ 15ರ ಮೇಲಿದೆ, ಅಂಟದಿದ್ದರೆ ಕೆಳಗಿದೆ. 13 ಮುಟ್ಟಿದೆಯಾ ಅಂತ ಇದು ಹೇಳುವುದಿಲ್ಲ. ತೊಯ್ದ ಉಪ್ಪು ಹಾಕಿದರೆ ಎಲ್ಲ ಕಾಳೂ ಹಸಿಯೇ ಕಾಣುತ್ತದೆ. ಶೇಂಗಾಕ್ಕೆ ಈ 15ರ ಗೆರೆಯಿಂದ ಉಪಯೋಗವಿಲ್ಲ.

ತೂಕದ್ದು ಹೀಗೆ: 18ರಲ್ಲಿರುವ ಒಂದು ಕ್ವಿಂಟಲ್‌ನಲ್ಲಿ ಒಣ ಮಾಲು 82 ಕೆಜಿ. 14ಕ್ಕೆ ಇಳಿಸಿದರೆ 82ನ್ನು 0.86ರಿಂದ ಭಾಗಿಸಿ, 95.3 ಕೆಜಿ. ಹೋದದ್ದು 4.7 ಕೆಜಿ, 4 ಅಲ್ಲ. 20ರಿಂದ 13ಕ್ಕೆ ತಂದರೆ ಕ್ವಿಂಟಲ್ 92 ಕೆಜಿ ಆಗುತ್ತದೆ. ಹಸಿ ಮಾಲಿಗೆ ಅಂಗಡಿಯಲ್ಲಿ ಮುರಿದುಕೊಳ್ಳುವ ದರದ ಜೊತೆ ಇದನ್ನು ಹೋಲಿಸಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಹೊನ್ನಾಳಿ_ಹೈನು

ಬೂಷ್ಟು ಹಿಡಿದ ಜೋಳ ಬಿಸಿಲಿಗೆ ಹಾಕಿ, ಹುರಿದು ಅಥವಾ ಬೇಯಿಸಿ ಹಸುಗೆ ಹಾಕಬಹುದಾ ಅಂತ ನಮ್ಮ ಹಾಲಿನ ಡೈರಿಗೆ ಬರೋರೆಲ್ಲ ಕೇಳ್ತಾರೆ. ನಾನು ಬೇಡ ಅಂತೀನಿ. ಕಾರಣ ಬಿಡಿಸಿ ಹೇಳೋರು ಹೇಳಲಿ, ಅವರಿಗೆ ತೋರಿಸ್ತೀನಿ.

ಅಗರ್_ಪ್ಲೇಟು, ದಾವಣಗೆರೆ

ಬೇಡವೇ ಬೇಡ ಅಕ್ಕಾ. ಹುರಿದರೆ, ಬೇಯಿಸಿದರೆ ಬೂಷ್ಟು ಸಾಯುತ್ತದೆ, ಅದು ಮಾಡಿಟ್ಟ ವಿಷ ಉಳಿಯುತ್ತದೆ. ಅಫ್ಲಾಟಾಕ್ಸಿನ್ ಪೂರ್ತಿ ಒಡೆಯಲು 240 ಡಿಗ್ರಿ ಮತ್ತು ಅದಕ್ಕೂ ಮೇಲಿನ ಶಾಖ ಬೇಕು. ಅಷ್ಟು ಕಾಯಿಸಿದರೆ ಜೋಳ ಇದ್ದಿಲು. ಬಿಸಿಲಿನದ್ದೂ ಅದೇ ಕತೆ. ಸಿಮೆಂಟು ಕಣದಲ್ಲಿ ಕಾಳು 50 ಡಿಗ್ರಿ ಮುಟ್ಟಿದರೂ ಬೀಜಕಣ ಸಾಯುವುದಿಲ್ಲ. ಬಿಸಿಲು ಉಪಕಾರ ಮಾಡುವುದು ನೀರು ತೆಗೆದು, ಕೊಂದು ಅಲ್ಲ.

ಹಸು ತಿಂದ ಅಫ್ಲಾಟಾಕ್ಸಿನ್ ಬಿ1ರಲ್ಲಿ ಒಂದು ಪಾಲು ಎಂ1 ಆಗಿ ಹಾಲಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಶೇಕಡಾ 1ರಿಂದ 3, ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಇನ್ನೂ ಜಾಸ್ತಿ. ತಿಂದ ಒಂದು ದಿನದೊಳಗೇ ಹಾಲಿನಲ್ಲಿ ಸಿಗುತ್ತದೆ. ಮೇವು ಬದಲಿಸಿದರೆ ಮೂರು ನಾಲ್ಕು ದಿನದಲ್ಲಿ ಹೋಗುತ್ತದೆ. ಹಾಲು ಕಾಯಿಸಿದರೆ ಹೋಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಹಾಲಿಗೆ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ, ಧಾನ್ಯಕ್ಕೆ 15. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತು, ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯ ಮೇಲೆ ಅನುಮಾನ ಬಿದ್ದಾಗಲೇ ಜಗತ್ತಿಗೆ ಈ ವಿಷದ ಪರಿಚಯ ಆದದ್ದು.

ಬಣ್ಣ ನೋಡಿ ಜಾತಿ ಅಂದಾಜು ಮಾಡಬಹುದು. ಹಳದಿ ಮಿಶ್ರಿತ ಹಸಿರು ಪುಡಿ ಇದ್ದರೆ ಫ್ಲೇವಸ್, ನೀಲಿ ಹಸಿರು ಪೆನಿಸಿಲಿಯಂ, ಕಪ್ಪು ಪುಡಿ ಆಸ್ಪರ್ಜಿಲಸ್ ನೈಜರ್. ತೆನೆಯಲ್ಲೇ ಬಿಳಿ ಅಥವಾ ನಸುಗೆಂಪು ಹತ್ತಿ ಹಿಡಿದಂತಿದ್ದರೆ ಫ್ಯುಸೇರಿಯಂ. ಅದು ಹೊಲದ ಬೂಷ್ಟು, ನೀರಿನ ಚಟುವಟಿಕೆ 0.90ರ ಮೇಲೆ ಬೇಕು, ಒಣಗಿದ ಗೋದಾಮಿನಲ್ಲಿ ಮುಂದುವರಿಯುವುದಿಲ್ಲ. ಆದರೆ ಬಣ್ಣ ಕಂಡರೆ ವಿಷ ಇದೆ ಅಂತಲೂ ಅಲ್ಲ, ಕಾಣದಿದ್ದರೆ ಇಲ್ಲ ಅಂತಲೂ ಅಲ್ಲ. ಫ್ಲೇವಸ್‌ನ ಎಲ್ಲ ತಳಿಗಳೂ ವಿಷ ಮಾಡುವುದಿಲ್ಲ. ಮಾದರಿ ಕಳಿಸಿ ಪರೀಕ್ಷೆ ಮಾಡಿಸುವುದೊಂದೇ ದಾರಿ. ಮಾದರಿಯನ್ನು ಒಂದೇ ಚೀಲದಿಂದ ತೆಗೆಯಬೇಡಿ. ವಿಷ ಕೆಲವೇ ಕಾಳುಗಳಲ್ಲಿ ಗುಡ್ಡೆಯಾಗಿ ಇರುತ್ತದೆ, ಹತ್ತಾರು ಕಡೆಯಿಂದ ಬೊಗಸೆ ಬೊಗಸೆ ತೆಗೆದು ಬೆರೆಸಿ.

ಹರಿಹರ_ಗೋದಾಮು

ಇಷ್ಟೆಲ್ಲ ಯಾಕೆ? ಗಾಳಿಯಾಡದ ಪ್ಲಾಸ್ಟಿಕ್ ಚೀಲ ಬಂದಿದೆ. ತುಂಬಿ ಬಾಯಿ ತಿರುಚಿ ಕಟ್ಟಿದರೆ ಆಮ್ಲಜನಕ ಇಲ್ಲ, ಹುಳ ಇಲ್ಲ, ಬೂಷ್ಟು ಇಲ್ಲ.

ಕಣದ_ಮೇಟಿ, ದಾವಣಗೆರೆ

ಹುಳಕ್ಕೆ ಹೌದು. ಬೂಷ್ಟಿಗೆ ಅಷ್ಟು ಸಲೀಸಲ್ಲ ಸರ್. ಆಮ್ಲಜನಕ ಶೇಕಡಾ 5ರ ಕೆಳಗೆ ಹೋದರೆ ಹುಳದ ಆಟ ನಿಲ್ಲುತ್ತದೆ. ಬೂಷ್ಟು ನಿಲ್ಲಬೇಕಾದರೆ 1ರ ಹತ್ತಿರ ಇಳಿಯಬೇಕು. 17 ತೇವದ ಜೋಳ ತುಂಬಿದರೆ ಬೂಷ್ಟು ನಿಂತರೂ ಆಮ್ಲಜನಕ ಬೇಡದ ಯೀಸ್ಟು, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಎದ್ದು ಹುಳಿ ವಾಸನೆ ಬರುತ್ತದೆ. ಇಲಿ ಒಂದು ತೂತು ಮಾಡಿದರೆ, ಇಲ್ಲವೇ ನೀವೇ ಬಾಯಿ ಬಿಚ್ಚಿದರೆ, ಬೂಷ್ಟು ಶುರು. ಚೀಲ ತೇವ ತೆಗೆಯುವುದಿಲ್ಲ, ಒಳಗಿದ್ದ ತೇವ ಒಳಗೇ ಉಳಿಸುತ್ತದೆ. 13ಕ್ಕೆ ಒಣಗಿಸಿ ತುಂಬಿ, ಆಗ ಆ ಚೀಲಕ್ಕೆ ಕೊಟ್ಟ ದುಡ್ಡು ದಕ್ಕುತ್ತದೆ.

ಹೊನ್ನಾಳಿ_ಹೈನು

ಹರಿಹರದವರ ಮಾತಿಗೆ ನ್ಯಾಯ ಸಿಗೋ ಜಾಗ ಒಂದಿದೆ, ರಸಮೇವು, ಅಂದ್ರೆ ಹಸಿಮೇವನ್ನ ಗಾಳಿ ಹೋಗದಂಗೆ ಮುಚ್ಚಿ ಹುಳಿ ಬರಿಸಿಡೋ ಸೈಲೇಜ್. ಅಲ್ಲಿ ನೀರು ತೆಗೆಯೋಕೆ ಹೋಗಲ್ಲ. ಗಾಳಿ ತೆಗೀತೀವಿ, ಹುಳಿ ಏರಿಸ್ತೀವಿ, ಎರಡೂ ಕೂಡಿ ಕೆಲಸ ಮಾಡ್ತವೆ.

ಗೋವಿನಜೋಳದ ಕಾಳು ಹಾಲು ತುಂಬಿ ಹಿಟ್ಟಾಗೋ ಹೊತ್ತಿಗೆ, ಕಾಳಿನ ಹಾಲುಗೆರೆ (ಗಟ್ಟಿ ಹಿಟ್ಟಿಗೂ ಹಾಲಿಗೂ ನಡುವಿನ ಗೆರೆ) ಅರ್ಧಕ್ಕೆ ಇಳಿದಾಗ ಕೊಯ್ಬೇಕು. ಒಣ ಅಂಶ ಶೇಕಡಾ 30–35 ಇರ್ಬೇಕು. ಕತ್ತರಿಸಿದ ಮೇವು ಮುಷ್ಟಿಯಲ್ಲಿ ಅರ್ಧ ನಿಮಿಷ ಹಿಂಡಿ ಬಿಡಿ. ಬೆರಳ ಸಂದಿಯಿಂದ ರಸ ಸೋರಿದ್ರೆ ಇನ್ನೂ ಹಸಿ. ಉಂಡೆ ನಿಧಾನ ಬಿಚ್ಚಿಕೊಂಡು ಕೈ ಬರೀ ಪಸೆ ಆದ್ರೆ ಸರಿ. ತಟ್ಟನೆ ಉದುರಿದ್ರೆ ಒಣಗಿದೆ, ಎಷ್ಟು ತುಳಿದ್ರೂ ಗಾಳಿ ಒಳಗೇ ಉಳೀತದೆ.

ಒಂದೆರಡು ಸೆಂಟಿಮೀಟರ್ ತುಂಡು ಮಾಡಿ, ಗೇಣುದ್ದದ ಪದರ ಪದರವಾಗಿ ಹಾಕಿ ಟ್ರ್ಯಾಕ್ಟರ್ ಓಡಿಸಿ ತುಳೀಬೇಕು. ಅವತ್ತೇ ಮುಚ್ಚಬೇಕು. ನಾಳೆ ಮುಚ್ತೀನಿ ಅಂದ್ರೆ ಆ ರಾತ್ರಿಯ ಗಾಳಿಯಲ್ಲಿ ಸಕ್ಕರೆ ಉರಿದು ಕಾವಾಗಿ ಹೋಗ್ತದೆ, ಹುಳಿ ಮಾಡೋಕೆ ಬ್ಯಾಕ್ಟೀರಿಯಾಗೆ ಏನೂ ಉಳಿಯಲ್ಲ. ಸರಿಯಾಗಿ ಮುಚ್ಚಿದ್ರೆ ಲ್ಯಾಕ್ಟಿಕ್ ಆಮ್ಲ ಏರಿ ಪಿಎಚ್ (ಹುಳಿಯ ಅಳತೆ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) 3.8–4.2ಕ್ಕೆ ಇಳೀತದೆ, 45 ದಿನಕ್ಕೆ ತೆಗೀಬಹುದು. ಒಳ್ಳೇದಕ್ಕೆ ಹಳದಿ ಹಸಿರು ಬಣ್ಣ, ಹುಳಿ ಹಣ್ಣಿನ ವಾಸನೆ. ಕೊಳೆತ ಬೆಣ್ಣೆ ವಾಸನೆ ಬಂದ್ರೆ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ, ಅಂದ್ರೆ ಮೇವು ಹಸಿ ಇತ್ತು ಅಥವಾ ಮಣ್ಣು ಸೇರಿತ್ತು. ಟ್ರ್ಯಾಕ್ಟರ್ ಚಕ್ರದ ಮಣ್ಣು ತೊಳೆದು ಹತ್ತಿಸ್ರಿ.

ತೆಗೆಯೋವಾಗ ದಿನಕ್ಕೆ ಗೇಣಿಗಿಂತ ಕಮ್ಮಿ ಕೊಯ್ದರೆ ಮುಖ ಗಾಳಿಗೆ ಬಿದ್ದು ಬಿಸಿ ಆಗ್ತದೆ. ಎರಡು ಹಸುಗೆ ದೊಡ್ಡ ಗುಂಡಿ ತೋಡಿದ್ರೆ ಇದೇ ಗತಿ, ಅವರಿಗೆ 50 ಕೆಜಿ ಚೀಲದ ರಸಮೇವೇ ಸರಿ.

ಕೊನೇ_ಬೆಂಚು

ಮೇಷ್ಟ್ರೇ, ಇಲ್ಲಿ ಕೇಳಬಹುದಾ? ಬಿಎಸ್ಸಿ ಪ್ರಾಜೆಕ್ಟು, ತಾಪಮಾನ, ಪಿಎಚ್, ಉಪ್ಪು ಬೆಳವಣಿಗೆ ಮೇಲೆ ಏನು ಪರಿಣಾಮ ಅಂತ. ಇ. ಕೋಲಿ ಬ್ಯಾಕ್ಟೀರಿಯಾನ ಅದರ ದ್ರವ ಆಹಾರವಾದ ನ್ಯೂಟ್ರಿಯೆಂಟ್ ಬ್ರಾತ್‌ನಲ್ಲಿ ಹಾಕಿ 24 ಗಂಟೆಗೆ ಓಡಿ (ಬ್ರಾತ್ ಎಷ್ಟು ಮಬ್ಬಾಗಿದೆ ಅನ್ನೋ ಅಳತೆ) ತೆಗೆದ್ರೆ ರೂಮ್ ಟೆಂಪರೇಚರೂ 37ಡಿಗ್ರಿಯೂ ಒಂದೇ ಬರ್ತಿದೆ. ಪಿಎಚ್ 6, 7, 8 ಮೂರೂ ಒಂದೇ.

ಅಗರ್_ಪ್ಲೇಟು, ದಾವಣಗೆರೆ

ಒಂದೇ ಬರುವುದೇ ಸಹಜ. 24 ಗಂಟೆಗೆ ಎಲ್ಲ ಟ್ಯೂಬುಗಳೂ ಊಟ ಮುಗಿಸಿ ನಿಂತಿರುತ್ತವೆ. ನೀನು ಅಳೆದದ್ದು ಬ್ರಾತ್ ಎಷ್ಟು ಜೀವಿಗಳನ್ನು ಸಾಕಬಲ್ಲದು ಅನ್ನುವುದನ್ನು. ಪ್ರಶ್ನೆ ಇರುವುದು ಎಷ್ಟು ವೇಗವಾಗಿ ಬೆಳೆಯುತ್ತದೆ ಅಂತ. ಸೊನ್ನೆ ಗಂಟೆಯಿಂದ ಎಂಟು ಗಂಟೆವರೆಗೆ ಅರ್ಧ ಗಂಟೆಗೊಮ್ಮೆ 600 ನ್ಯಾನೋಮೀಟರಿನಲ್ಲಿ ಓಡಿ ತೆಗೆ, ಲಾಗ್ ಗ್ರಾಫಿನಲ್ಲಿ ನೇರ ಏರುವ ಭಾಗದ ಇಳಿಜಾರು ಹೋಲಿಸು. 37ರಲ್ಲಿ ಒಳ್ಳೆ ಮಾಧ್ಯಮದಲ್ಲಿ 20–30 ನಿಮಿಷಕ್ಕೊಮ್ಮೆ ಇಮ್ಮಡಿ ಆಗುವುದು ಅಲ್ಲಿ ಕಾಣುತ್ತದೆ.

ಇನ್ನು ನಿಮ್ಮ ರೂಮ್ ಟೆಂಪರೇಚರು. ಏಪ್ರಿಲ್‌ನ ದಾವಣಗೆರೆಯಲ್ಲಿ ಲ್ಯಾಬು ಮಧ್ಯಾಹ್ನ 34–35. ಪುಸ್ತಕದ 25 ಅಲ್ಲ. ಸಾದಾ ಇನ್‌ಕ್ಯುಬೇಟರ್ ಕೋಣೆಗಿಂತ ತಣ್ಣಗೆ ಹೋಗುವುದಿಲ್ಲ, ಅದಕ್ಕೆ ಕಾಯಿಸುವುದಷ್ಟೇ ಗೊತ್ತು. 25 ಬೇಕಾದರೆ ತಂಪು ಮಾಡುವ ಬಿಒಡಿ ಇನ್‌ಕ್ಯುಬೇಟರ್ ಬೇಕು. ಟ್ಯೂಬಿನ ಪಕ್ಕ ನೀರು ತುಂಬಿದ ಟ್ಯೂಬಿನಲ್ಲಿ ಥರ್ಮಾಮೀಟರ್ ಅದ್ದಿಡು, ಮುಂದಿನ ಡಿಸ್‌ಪ್ಲೇ ನಂಬಬೇಡ. 4, 25, 37, 45, 55 ಇಡು. ಅನುಕೂಲ ತಾಪದ ಮೇಲೆ ಗ್ರಾಫ್ ಕಡಿದಾಗಿ ಬೀಳುತ್ತದೆ, ಪ್ರೋಟೀನು ಕೆಡುವುದರಿಂದ. ಕೆಳಗೆ ಮೆಲ್ಲಗೆ ಇಳಿಯುತ್ತದೆ. ಆ ಓರೆ ಆಕಾರ ಸಿಕ್ಕಿದರೆ ನಿನ್ನ ಪ್ರಯೋಗ ಸರಿ.

ಪಿಎಚ್ ಒಂದೇ ಬಂದದ್ದು ಬಫರ್ ಇಲ್ಲದ್ದರಿಂದಲೂ ಇರಬಹುದು. ಸಕ್ಕರೆ ಇಲ್ಲದ ಪೆಪ್ಟೋನ್ ಬ್ರಾತ್‌ನಲ್ಲಿ ಅಮೋನಿಯಾ ಹುಟ್ಟಿ ಪಿಎಚ್ ತಾನಾಗಿ ಏರುತ್ತದೆ, ಗ್ಲೂಕೋಸ್ ಹಾಕಿದ್ದರೆ ಬೀಳುತ್ತದೆ. 6ರಿಂದ 8ಕ್ಕೆ ಫಾಸ್ಫೇಟ್ ಬಫರ್, 4–5ಕ್ಕೆ ಸಿಟ್ರೇಟ್-ಫಾಸ್ಫೇಟ್. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಜೀವಿಗಳನ್ನು ಕೊಲ್ಲುವ ಪಾತ್ರೆ) ಆದ ಮೇಲೆ ಮತ್ತೆ ಪಿಎಚ್ ನೋಡು. ಅಗರ್ ಪ್ಲೇಟನ್ನು ಹುಳಿ ಮಾಡಬೇಕಾದರೆ ಆಮ್ಲವನ್ನು ಆಟೋಕ್ಲೇವ್ ಮುಗಿದು 50 ಡಿಗ್ರಿಗೆ ಇಳಿದ ಮೇಲೆ ಸೇರಿಸು. ಮೊದಲೇ ಸೇರಿಸಿದರೆ ಅಗರ್ ಒಡೆದು ಪ್ಲೇಟ್ ಗಟ್ಟಿಯಾಗುವುದೇ ಇಲ್ಲ. ಬೂಷ್ಟಿಗೆ ಪಿಡಿಎ (ಆಲೂಗಡ್ಡೆ-ಡೆಕ್ಸ್ಟ್ರೋಸ್ ಅಗರ್) ಲೀಟರಿಗೆ 39 ಗ್ರಾಂ, ಶೇಕಡಾ 10ರ ಟಾರ್ಟಾರಿಕ್ ಆಮ್ಲದಿಂದ 3.5ಕ್ಕೆ ತಂದರೆ ಬ್ಯಾಕ್ಟೀರಿಯಾ ಬಹುಪಾಲು ಸುಮ್ಮನಾಗುತ್ತವೆ. ಮತ್ತೆ ಕಾಯಿಸಬೇಡ.

ಉಪ್ಪಿನಲ್ಲಿ ಎಲ್ಲರೂ ಮರೆಯುವುದು, ಎಷ್ಟೋ ಕಂಪನಿಗಳ ಬ್ರಾತ್ ಪುಡಿಯಲ್ಲಿ ಆಗಲೇ ಅರ್ಧ ಶೇಕಡಾ ಉಪ್ಪಿದೆ. ಲೇಬಲ್ ಓದು. ಶೇಕಡಾ 2 ಬೇಕಾದರೆ ಲೀಟರಿಗೆ 15 ಗ್ರಾಂ ಸೇರಿಸು, 20 ಅಲ್ಲ. 0.5, 2, 5, 7.5, 10 ಇಡು. ಇ. ಕೋಲಿ 5ರಲ್ಲಿ ತಡವರಿಸಿ, 10ರಲ್ಲಿ ನಿಲ್ಲುತ್ತದೆ. ಪ್ರತಿ ಪಿಎಚ್‌ಗೂ ಪ್ರತಿ ಉಪ್ಪಿಗೂ ಬೇರೆ ಬ್ಲಾಂಕ್ (ಜೀವಿ ಹಾಕದ ಟ್ಯೂಬು) ಇರಲಿ, ಇಲ್ಲದಿದ್ದರೆ ಕೆಳಗೆ ಕೂತ ಲವಣವನ್ನೇ ಬೆಳವಣಿಗೆ ಅಂತ ಬರೆಯುತ್ತೀಯ.

ಬೆಳೆಯದ ಟ್ಯೂಬು ಸತ್ತದ್ದೋ ಮಲಗಿದ್ದೋ ತಿಳಿಯಲು ಅದರಿಂದ 0.1 ಎಂಎಲ್ ತೆಗೆದು ಹೊಸ ಬ್ರಾತ್‌ಗೆ ಹಾಕಿ 37ರಲ್ಲಿ ಇಡು. 4 ಡಿಗ್ರಿಯದು ಎದ್ದು ಬರುತ್ತದೆ, 55ರದ್ದು ಬಹುಶಃ ಬರುವುದಿಲ್ಲ.

ಆಟೋಕ್ಲೇವ್ ಸಿಗದೆ ಕುಕ್ಕರ್ ಬಳಸುವವರಿಗೆ: ನಮ್ಮೂರು ಸಮುದ್ರಮಟ್ಟದಿಂದ 600 ಮೀಟರ್ ಮೇಲಿದೆ, ನೀರು 98ರಲ್ಲೇ ಕುದಿಯುತ್ತದೆ. ಕುಕ್ಕರಿನ ಒಳಗೂ 121 ಮುಟ್ಟುವುದಿಲ್ಲ, ಒಂದೆರಡು ಡಿಗ್ರಿ ಕಮ್ಮಿ. 15 ನಿಮಿಷದ ಬದಲು 25 ಇಡಿ. ಮೊದಲು ಹಬೆ ಧಾರೆಯಾಗಿ ಬರುವ ತನಕ ವೇಟ್ ಹಾಕಬೇಡಿ. ಒಳಗೆ ಗಾಳಿ ಉಳಿದರೆ ಒತ್ತಡ ಬಂದರೂ ಶಾಖ ಬರುವುದಿಲ್ಲ. ಜೋಳದ ಬೂಷ್ಟು ಬೆಳೆಸಿದ ಪ್ಲೇಟು ಬೆಂಚಿನ ಮೇಲೆ ತೆರೆದು ಮೂಸಬೇಡಿ, ಟೇಪು ಸುತ್ತಿ, ಮುಗಿದ ಮೇಲೆ ಮುಚ್ಚಿದಂತೆಯೇ ಆಟೋಕ್ಲೇವ್ ಮಾಡಿ ಎಸೆಯಿರಿ.

ದುರ್ಗದ_ಕಲ್ಲು

ಹುಳಿ ಅಂದ್ರೆ ಎಲ್ಲ ಬ್ಯಾಕ್ಟೀರಿಯಾನೂ ಓಡ್ತವೆ ಅಂತ ಹುಡುಗರು ಬರ್ಕೊಂಡು ಹೋಗ್ಬಾರ್ದು. ಚಿತ್ರದುರ್ಗದ ಹತ್ತಿರದ ನಮ್ಮ ಇಂಗಳದಾಳಿನ ತಾಮ್ರದ ಅದಿರು ಚಾಲ್ಕೊಪೈರೈಟ್, ತಾಮ್ರ, ಕಬ್ಬಿಣ, ಗಂಧಕ ಮೂರೂ ಸೇರಿದ್ದು. ಇಂಥ ಗಂಧಕದ ಅದಿರು ಗಾಳಿ ನೀರಿಗೆ ಬಿದ್ದ ಕಡೆ ಪಿಎಚ್ 2ರಲ್ಲಿ ಹಾಯಾಗಿ ಬದುಕೋ ಆಸಿಡಿಥಿಯೋಬ್ಯಾಸಿಲಸ್ ಫೆರೊಆಕ್ಸಿಡಾನ್ಸ್ ಅನ್ನೋದಿದೆ. ಕಬ್ಬಿಣ, ಗಂಧಕ ಉತ್ಕರ್ಷಿಸಿ ಅದರಲ್ಲೇ ಹೊಟ್ಟೆ ಹೊರೆಯುತ್ತದೆ, ಆಮ್ಲವನ್ನು ತಾನೇ ಹೆಚ್ಚಿಸುತ್ತದೆ. ಕಮ್ಮಿ ದರ್ಜೆಯ ಅದಿರಿನಿಂದ ತಾಮ್ರ ತೆಗೆಯೋಕೆ ಇದನ್ನೇ ದುಡಿಸಿಕೊಳ್ಳುತ್ತಾರೆ. ತಟಸ್ಥ ನೀರಿನಲ್ಲಿ ಬಿಟ್ಟರೆ ಬೆಳೆಯಲ್ಲ.

ಹೊಳಲ್ಕೆರೆ_ತೋಟ

ಅಡಿಕೆ ತೋಟಕ್ಕೆ ಟ್ರೈಕೋಡರ್ಮಾ (ರೋಗದ ಬೂಷ್ಟನ್ನ ತಡೆಯೋ ಉಪಕಾರಿ ಬೂಷ್ಟು) ಬೆಳೆಸೋರಿಗೂ ಇದೇ ಪಾಠ. 90 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿ, ಒಂದರಿಂದ ಎರಡು ಕೆಜಿ ಟ್ರೈಕೋಡರ್ಮಾ ಪುಡಿ, ನೆರಳಲ್ಲಿ ಬೆರೆಸಿ ಗೋಣಿ ಮುಚ್ಚಿ. ಹಿಂಡಿದ್ರೆ ಉಂಡೆ ಆಗ್ಬೇಕು, ನೀರು ಸೋರ್ಬಾರ್ದು. ವಾರಕ್ಕೊಮ್ಮೆ ತಿರುವಿ, 15–20 ದಿನಕ್ಕೆ ಹಸಿರು ಪುಡಿ ಕಟ್ತದೆ. ಕಳಿಯದ ಹಸಿ ಗೊಬ್ಬರಕ್ಕೆ ಹಾಕಿದ್ರೆ ಗುಡ್ಡೆ 55–60 ಡಿಗ್ರಿ ಏರಿ ಅದು ಸತ್ತೇ ಹೋಗ್ತದೆ, ಅದಕ್ಕೆ ಬೇಕಾದ್ದು 25–30. ಗೊಬ್ಬರದೊಳಗೆ ಕೈ ಇಟ್ಟು ಬಿಸಿ ಇದ್ರೆ ಇನ್ನೂ ಕಾಯ್ರಿ. ಶಿಲೀಂಧ್ರನಾಶಕದ ಜೊತೆ ಬೆರೆಸೋದಂತೂ ದುಡ್ಡು ಮಣ್ಣಿಗೆ ಹಾಕಿದಂಗೆ.

ಕೊನೇ_ಬೆಂಚು

ಥ್ಯಾಂಕ್ಸ್ ಮೇಷ್ಟ್ರೇ. ಅಮ್ಮ ಕೇಳ್ತಿದಾರೆ, ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬಲ್ಲ, ಬೇಸಿಗೆಯಲ್ಲಿ ಉಬ್ಬೋಕೆ ಮೊದ್ಲೇ ಹುಳಿ ಯಾಕಂತೆ?

ಅಗರ್_ಪ್ಲೇಟು, ದಾವಣಗೆರೆ

ಹಿಟ್ಟು ಉಬ್ಬಿಸುವ ಮುಖ್ಯ ಆಳು ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಅನ್ನುವ ಬ್ಯಾಕ್ಟೀರಿಯಾ. ಅದು ಆಮ್ಲದ ಜೊತೆ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ, ಉದ್ದಿನ ಲೋಳೆ ಆ ಗಾಳಿ ಹಿಡಿದಿಡುತ್ತದೆ. ಅದಕ್ಕೆ 28–30 ಹಿತ. 35ರ ಮೇಲೆ ಬರೀ ಲ್ಯಾಕ್ಟಿಕ್ ಆಮ್ಲ ಮಾಡುವ ಜಾತಿಗಳು ಮುಂದೆ ಹೋಗುತ್ತವೆ, ಹುಳಿ ಜಾಸ್ತಿ, ಗಾಳಿ ಕಮ್ಮಿ. ಬೇಸಿಗೆಯಲ್ಲಿ ಐಸ್ ನೀರಲ್ಲಿ ರುಬ್ಬಿ, ತಣ್ಣೀರಿನ ತಟ್ಟೆಯಲ್ಲಿ ಪಾತ್ರೆ ಇಡಲಿ. ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರು ಬೆರೆಸಿ, ಎರಡು ಮೂರು ಚಮಚ ಹಳೇ ಹಿಟ್ಟು ಹಾಕಿ, ಉಪ್ಪು ಬೆಳಿಗ್ಗೆ ಹಾಕಲಿ.

ಜಗಳೂರು_ರಾಶಿ

ದೋಸೆ ಆಯ್ತು, ನನ್ನ ಜೋಳಕ್ಕೆ ಬರ್ರಿ. ಮೋಡ ಕವಿದೈತೆ, ಇನ್ನೂ ನಾಲ್ಕು ದಿನ ಮಳೆ ಅಂತಾರೆ. ಅರ್ಧ ಒಕ್ಕಿದೀವಿ, 17 ಐತೆ. ಅರ್ಧ ಇನ್ನೂ ತೆನೆ.

ಕಣದ_ಮೇಟಿ, ದಾವಣಗೆರೆ

ತೆನೆ ಒಕ್ಕಬೇಡಿ. ಸಿಪ್ಪೆ ಸುಲಿದು, ಎರಡೂ ಕಡೆ ಗಾಳಿ ಹಾಯುವ ಜಾಲರಿ ಗೂಡಿನಲ್ಲಿ, ಮೂರು ಅಡಿಗಿಂತ ಅಗಲ ಆಗದಂತೆ ಒಟ್ಟಿ, ಮೇಲೆ ತಗಡು ಹೊದಿಸಿ. ತೆನೆಯ ಸಂದಿಯಲ್ಲಿ ಗಾಳಿ ಆಡುತ್ತದೆ, ಒಕ್ಕಿದ ಕಾಳಿನಲ್ಲಿ ಆಡುವುದಿಲ್ಲ.

ಒಕ್ಕಿದ್ದನ್ನು ಚೀಲಕ್ಕೆ ತುಂಬದೆ ಮನೆಯೊಳಗೆ, ಪಡಸಾಲೆಯಲ್ಲಿ, ಗೇಣಿಗಿಂತ ತೆಳ್ಳಗೆ ಹರವಿ, ದಿನಕ್ಕೆ ನಾಲ್ಕೈದು ಸಲ ಕಾಲಾಡಿಸಿ. ಹೊರಗಿನ ಆರ್ದ್ರತೆ 85 ಇರುವಾಗ ಕಾಳು ಒಣಗುವುದಿಲ್ಲ, 17–18ರಲ್ಲೇ ನಿಲ್ಲುತ್ತದೆ. ಆದರೂ ಫ್ಯಾನ್ ಓಡಲಿ, ಕಾವು ಕಟ್ಟದಂತೆ ನೋಡಿಕೊಂಡರೆ ಅಷ್ಟು ದಿನ ಗೆದ್ದಂತೆ. ಮಧ್ಯಾಹ್ನ ಮಳೆ ಬಿಟ್ಟು ಆರ್ದ್ರತೆ 70ರ ಕೆಳಗೆ ಇಳಿದ ಎರಡು ಮೂರು ಗಂಟೆ ಕಿಟಕಿ ಬಾಗಿಲು ಪೂರ್ತಿ ತೆರೆದು, ಫ್ಯಾನನ್ನು ನೆಲಮಟ್ಟದಲ್ಲಿ ಇಟ್ಟು ಕಾಳಿನ ಮೇಲೆ ಹಾಯುವಂತೆ ತಿರುಗಿಸಿ. ಮುನ್ನೂರು ನಾನ್ನೂರು ರೂಪಾಯಿಗೆ ಆರ್ದ್ರತೆ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಸಿಗುತ್ತದೆ, ಒಂದು ತಂದು ಪಡಸಾಲೆ ಗೋಡೆಗೆ ನೇತುಹಾಕಿ. ಐದನೇ ದಿನವೂ ಬಿಸಿಲು ಬರದಿದ್ದರೆ ಒಕ್ಕಿದ್ದನ್ನು ಡ್ರೈಯರ್ ಇರುವ ಕಡೆ ಸಾಗಿಸಿ, ಬಾಡಿಗೆ ಎಷ್ಟೇ ಆಗಲಿ.